ರಾಜಕಾರಣಕ್ಕೆ ಯಾವ ಓದು?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದೇ ಮಾತು: ಮುಂದೇನು? ವೈದ್ಯನಾಗಬೇಕೆನ್ನುವವನಿಗೆ 'ನೀಟ್' ಇದೆ, ಎಂಜಿನಿಯರ್ ಆಗಬೇಕೆನ್ನುವವಳಿಗೆ ಸಿಇಟಿ ಇದೆ, ಲೆಕ್ಕ ಬಲ್ಲವರಿಗೆ ಸಿ.ಎ. ಇದೆ. ಆದರೆ ಹದಿನೆಂಟರ ಹುಡುಗನೊಬ್ಬ "ಅಪ್ಪಾ, ನಾನು ರಾಜಕೀಯಕ್ಕೆ ಹೋಗಬೇಕು ಅಂತಿದೀನಿ, ಅದಕ್ಕೆ ಏನು ಓದಲಿ?" ಎಂದು ಕೇಳಿದರೆ ಮನೆಯವರಿಗೆ ಮೊದಲು ನಗು ಬರುತ್ತದೆ, ಆಮೇಲೆ ಗಾಬರಿಯಾಗುತ್ತದೆ. "ಅದಕ್ಕೆ ಓದು ಯಾಕೋ ಬೇಕು? ದುಡ್ಡಿದ್ರೆ ಸಾಕು" ಎಂಬ ಉತ್ತರವಂತೂ ಸಿದ್ಧವಾಗಿಯೇ ಇರುತ್ತದೆ. ಇದೇ ಪ್ರಶ್ನೆಯನ್ನು ಮಗಳು ಕೇಳಿದರೆ ಆ ಉತ್ತರವೂ ಸಿಗುವುದಿಲ್ಲ. ಮಾತು ಮದುವೆಯ ಕಡೆಗೆ ಹೊರಳುತ್ತದೆ.

ಅಪ್ಪನ ಉತ್ತರ ಅರ್ಧ ನಿಜ. ಶಾಸಕನಾಗಲು ನಮ್ಮ ಕಾನೂನು ಯಾವ ಓದನ್ನೂ ಕೇಳುವುದಿಲ್ಲ. ಆದರೆ ಶಾಸಕನಾದ ಮೇಲೆ ಮಾಡಬೇಕಾದ ಕೆಲಸ ಬಹಳಷ್ಟು ಓದನ್ನು ಕೇಳುತ್ತದೆ. ಚುನಾವಣೆಯಲ್ಲಿ ಸೋತ ಮರುದಿನ ಬದುಕುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಬಹುಪಾಲು ಓದಿನಲ್ಲೇ ಇರುತ್ತದೆ. ನಮ್ಮ ನಾಡಿನ ರಾಜಕಾರಣಿಗಳು ಏನು ಓದಿದ್ದರು, ಆ ಓದು ಅವರಿಗೆ ಯಾವ ಕೆಲಸಕ್ಕೆ ಬಂತು ಎಂದು ನೋಡಿದರೆ ಹುಡುಗನ ಪ್ರಶ್ನೆ ನಗುವಂಥದ್ದಲ್ಲ ಎಂಬುದು ತಿಳಿಯುತ್ತದೆ.

ಸಂವಿಧಾನ ಕೇಳದ ಅರ್ಹತೆ

ಸಂವಿಧಾನದ 84 ಮತ್ತು 173ನೇ ವಿಧಿಗಳು ಸಂಸತ್ತಿಗೆ ಮತ್ತು ರಾಜ್ಯ ಶಾಸನಸಭೆಗಳಿಗೆ ಸ್ಪರ್ಧಿಸುವವರ ಅರ್ಹತೆಗಳನ್ನು ಹೇಳುತ್ತವೆ. ಭಾರತದ ಪ್ರಜೆಯಾಗಿರಬೇಕು. ಲೋಕಸಭೆಗೆ, ವಿಧಾನಸಭೆಗೆ ಕನಿಷ್ಠ 25 ವರ್ಷ, ರಾಜ್ಯಸಭೆಗೆ, ವಿಧಾನ ಪರಿಷತ್ತಿಗೆ 30 ವರ್ಷ ತುಂಬಿರಬೇಕು. ವಿದ್ಯಾರ್ಹತೆಯ ಮಾತು ಅಲ್ಲಿಲ್ಲ.

ಇದು ಮರೆತು ಬಿಟ್ಟದ್ದಲ್ಲ. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾಗುವ ಹೊತ್ತಿನಲ್ಲಿ ಸಂವಿಧಾನ ರಚನಾ ಸಭೆಯ ಅಧ್ಯಕ್ಷ ಡಾ. ರಾಜೇಂದ್ರ ಪ್ರಸಾದರು ತಮ್ಮ ಎರಡು ಕೊರಗುಗಳನ್ನು ಹೇಳಿಕೊಂಡರು. ಸಂವಿಧಾನ ಭಾರತೀಯ ಭಾಷೆಯೊಂದರಲ್ಲಿ ಮೊದಲು ಬರೆಯಲ್ಪಡಲಿಲ್ಲ ಎಂಬುದು ಒಂದು. ಕಾನೂನನ್ನು ಜಾರಿ ಮಾಡುವವರಿಗೆ ದೊಡ್ಡ ಅರ್ಹತೆಗಳನ್ನು ಬಯಸುವ ನಾವು, ಕಾನೂನನ್ನು ಮಾಡುವವರಿಗೆ ಆಯ್ಕೆಯಾಗುವುದೊಂದನ್ನು ಬಿಟ್ಟು ಬೇರೆ ಅರ್ಹತೆ ಇಡಲಿಲ್ಲ ಎಂಬುದು ಇನ್ನೊಂದು. ಆದರೆ ಶಾಸಕನಿಗೆ ಬೇಕಾದ ಸಮತೂಕದ ವಿವೇಚನೆ, ಸ್ವತಂತ್ರ ಮನಸ್ಸು, ಪ್ರಾಮಾಣಿಕತೆಗಳನ್ನು ಅಳೆಯುವ ಅಳತೆಗೋಲು ಇಲ್ಲವೆಂಬುದನ್ನೂ ಅವರು ಒಪ್ಪಿಕೊಂಡರು.

ಆ ಕಾಲವನ್ನು ನೆನೆದರೆ ಸಭೆಯ ತೀರ್ಮಾನ ಅರ್ಥವಾಗುತ್ತದೆ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ನೂರಕ್ಕೆ 18ರ ಆಸುಪಾಸಿನಲ್ಲಿತ್ತು. ಹೆಂಗಸರಲ್ಲಿ ನೂರಕ್ಕೆ 9ನ್ನೂ ಮುಟ್ಟಿರಲಿಲ್ಲ. ಬ್ರಿಟಿಷರ ಕಾಲದಲ್ಲಿ, 1935ರ ಕಾಯ್ದೆಯಡಿಯೂ, ಮತದ ಹಕ್ಕು ಆಸ್ತಿ, ತೆರಿಗೆ, ವಿದ್ಯೆಗಳ ಮೇಲೆ ನಿಂತಿತ್ತು. ಆ ಬೇಲಿಯನ್ನು ಕಿತ್ತುಹಾಕಿ ಎಲ್ಲ ವಯಸ್ಕರಿಗೂ ಮತ ಕೊಟ್ಟ ಸಭೆ, ಅಭ್ಯರ್ಥಿಯ ಸುತ್ತ ಮತ್ತೊಂದು ಬೇಲಿ ಹಾಕಲು ಒಪ್ಪಲಿಲ್ಲ. ಶಾಲೆಯೇ ಇಲ್ಲದ ಊರಿನವನಿಗೆ 'ನೀನು ಓದಿಲ್ಲ' ಎಂದು ಬಾಗಿಲು ಹಾಕುವುದು ನ್ಯಾಯವೆನಿಸಲಿಲ್ಲ.

ನಮ್ಮ ವಿಧಾನ ಪರಿಷತ್ತಿನಲ್ಲಿ ಇದರದೊಂದು ಸ್ವಾರಸ್ಯವಿದೆ. ಅದರ 75 ಸ್ಥಾನಗಳಲ್ಲಿ 7 ಪದವೀಧರರ ಕ್ಷೇತ್ರಗಳಿಗೆ ಸೇರಿವೆ. ಅಲ್ಲಿ ಮತ ಹಾಕಬೇಕಾದರೆ ಪದವಿ ಪಡೆದು ಮೂರು ವರ್ಷವಾಗಿರಬೇಕು. ಆದರೆ ಸ್ಪರ್ಧಿಸುವವನು ಪದವೀಧರನೇ ಆಗಿರಬೇಕೆಂಬ ನಿಯಮವಿಲ್ಲ. ಮದರಾಸಿನ ಒಂದು ಪ್ರಕರಣದಲ್ಲಿ 1972ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ಬೇಲಿ ಹಾಕುವ ಪ್ರಯತ್ನಗಳು ಆಮೇಲೆ ನಡೆದಿಲ್ಲವೆಂದಲ್ಲ. ರಾಜಸ್ಥಾನ 2014ರಲ್ಲಿ, ಹರಿಯಾಣ 2015ರಲ್ಲಿ ಪಂಚಾಯಿತಿ ಅಭ್ಯರ್ಥಿಗಳಿಗೆ ವಿದ್ಯಾರ್ಹತೆ ವಿಧಿಸಿದವು. ಹರಿಯಾಣದಲ್ಲಿ ಸಾಮಾನ್ಯ ವರ್ಗದ ಪುರುಷರಿಗೆ ಹತ್ತನೇ ತರಗತಿ ಕಡ್ಡಾಯ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿಯವರಿಗೆ ಅದಕ್ಕಿಂತ ಕಡಿಮೆ. ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ಹರಿಯಾಣದ ಕಾನೂನನ್ನು ಎತ್ತಿಹಿಡಿಯಿತು. ರಾಜಸ್ಥಾನ 2019ರಲ್ಲಿ ತನ್ನ ನಿಯಮವನ್ನು ತೆಗೆದುಹಾಕಿತು. ವಿಧಾನಸಭೆಗೆ, ಲೋಕಸಭೆಗೆ ಮಾತ್ರ ಅಂಥ ನಿಯಮ ಬರಲಿಲ್ಲ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ ಅಭ್ಯರ್ಥಿ ತನ್ನ ಓದು, ಆಸ್ತಿ, ಕ್ರಿಮಿನಲ್ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಓದಿಗೆ ಬೆಲೆ ಕಟ್ಟುವ ಕೆಲಸ ಮತದಾರನದು.

ಕರಿಕೋಟಿನ ಕಾಲ

ಕಾನೂನು ಏನನ್ನೂ ಕೇಳದಿದ್ದರೂ, ನಾಡನ್ನಾಳಿದವರು ಏನು ಓದಿದ್ದರು? ಏಕೀಕರಣದ ಹಿಂದುಮುಂದಿನ ಮುಖ್ಯಮಂತ್ರಿಗಳ ಪಟ್ಟಿ ತೆಗೆದರೆ ಉದ್ದಕ್ಕೂ ಕರಿಕೋಟು ಕಾಣುತ್ತದೆ. ಕೆಂಗಲ್ ಹನುಮಂತಯ್ಯನವರು ಪುಣೆಯಲ್ಲಿ ಕಾನೂನು ಓದಿದರು. ಎಸ್. ನಿಜಲಿಂಗಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲೇ ಕಾನೂನು ಪದವಿ ಪಡೆದು, ಚಿತ್ರದುರ್ಗದಲ್ಲಿ ವಕೀಲಿ ಮಾಡಿದರು. ಬಿ.ಡಿ. ಜತ್ತಿಯವರು ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲರಾದರು. ಅಲ್ಲಿನ ಪುರಸಭೆಯಿಂದ ಹೊರಟು, 1977ರಲ್ಲಿ ಕೆಲವು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿಯಾಗುವವರೆಗೆ ನಡೆದರು. ಕಡಿದಾಳ್ ಮಂಜಪ್ಪ, ವೀರೇಂದ್ರ ಪಾಟೀಲ, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರಪ್ಪ ಮೊಯಿಲಿ, ಜೆ.ಎಚ್. ಪಟೇಲ್, ಸಿದ್ದರಾಮಯ್ಯ ಇವರೆಲ್ಲ ಕಾನೂನು ಓದಿದವರೇ.

ಏಕೆ ಹೀಗೆ? ಕಾನೂನು ಮಾಡುವವನಿಗೆ ಕಾನೂನು ಗೊತ್ತಿರಬೇಕು ಎಂಬುದು ಸುಲಭದ ಉತ್ತರ. ಇನ್ನೊಂದು ಕಾರಣವನ್ನು ಜರ್ಮನಿಯ ಚಿಂತಕ ಮ್ಯಾಕ್ಸ್ ವೇಬರ್ 1919ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದಲ್ಲಿ ವಿವರಿಸಿದ. ರಾಜಕಾರಣಕ್ಕಾಗಿ ಬದುಕುವವರು ಬೇರೆ, ರಾಜಕಾರಣದಿಂದ ಹೊಟ್ಟೆ ಹೊರೆಯುವವರು ಬೇರೆ ಎಂದು ಅವನು ಭೇದ ಮಾಡಿದ. ರಾಜಕಾರಣಕ್ಕಾಗಿ ಬದುಕಬೇಕಾದರೆ ಅನ್ನಕ್ಕೆ ಬೇರೆ ದಾರಿ ಇರಬೇಕು, ಬೇಕೆಂದಾಗ ಬಿಡುವೂ ಸಿಗಬೇಕು. ವೈದ್ಯನಿಗಾಗಲಿ ಕಾರ್ಖಾನೆಯ ಯಜಮಾನನಿಗಾಗಲಿ ಆ ಬಿಡುವು ಸಿಗುವುದು ಕಷ್ಟ, ವಕೀಲನಿಗೆ ಸಿಗುತ್ತದೆ.

ನಮ್ಮ ತಾಲ್ಲೂಕು ಕೋರ್ಟುಗಳ ಮುಂದೆ ನಿಂತು ನೋಡಿದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ವಕೀಲನ ಬಳಿ ಇಡೀ ತಾಲ್ಲೂಕು ಬರುತ್ತದೆ. ಗಡಿ ತಕರಾರು, ಪಾಲು, ಸಾಲ, ಗೇಣಿ, ಜೀವನಾಂಶ ಹೀಗೆ ಜನರ ಕಷ್ಟದ ಪರಿಚಯ ಅವನಿಗೆ ದಿನವೂ ಆಗುತ್ತದೆ. ನಾಲ್ಕು ಜನರೆದುರು ನಿಂತು ಮಾತಾಡುವ ಅಭ್ಯಾಸವೂ ಬರುತ್ತದೆ. ಕಲಬುರ್ಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಕಾಲೇಜಿನ ವಿದ್ಯಾರ್ಥಿ ಸಂಘದಿಂದ ಹೊರಟು, ಕಾನೂನು ಓದಿ, ಗಿರಣಿ ಕಾರ್ಮಿಕರ ಮೊಕದ್ದಮೆಗಳನ್ನು ಹಿಡಿದು, 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದರು. ಓದು, ಅನ್ನ, ಜನಸಂಪರ್ಕ ಮೂರೂ ಒಂದೇ ಗಾಡಿಗೆ ಕಟ್ಟಿದ ಎತ್ತುಗಳಂತೆ ನಡೆದವು.

ಸೋಲಿನ ಮಾತೂ ಇಲ್ಲಿಯೇ ಬರುತ್ತದೆ. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರಂಥವರೇ ಸೋತರು. ಅವರು ಉಪಚುನಾವಣೆಯಲ್ಲಿ ಗೆದ್ದು ಬರುವತನಕ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾಗಿದ್ದರು. ದೇವೇಗೌಡರು 1989ರಲ್ಲಿ ಸೋತರು, ಸಿದ್ದರಾಮಯ್ಯನವರು 1989ರಲ್ಲೂ 1999ರಲ್ಲೂ ಸೋತರು. ಸೋಲು ಯಾರನ್ನೂ ಬಿಟ್ಟಿಲ್ಲ. ಸೋತ ವಕೀಲ ಸೋಮವಾರ ಬೆಳಗ್ಗೆ ಮತ್ತೆ ಕೋರ್ಟಿಗೆ ಹೋಗುತ್ತಾನೆ. ಕೈಯಲ್ಲಿ ಬೇರೆ ಕಸುಬಿಲ್ಲದವನು ಎಲ್ಲಿಗೆ ಹೋಗಬೇಕು? ಅವನು ಹಣವಂತನ ಬಾಗಿಲಿಗೋ ಗುತ್ತಿಗೆದಾರನ ಬಾಗಿಲಿಗೋ ಹೋಗುತ್ತಾನೆ. ಮುಂದಿನ ಸಲ ಗೆದ್ದಾಗ ಆ ಋಣ ಅವನ ಬೆನ್ನ ಮೇಲಿರುತ್ತದೆ. ರಾಜಕಾರಣ ಕೆಡುವ ಹಲವು ದಾರಿಗಳಲ್ಲಿ ಇದೂ ಒಂದು.

ಇಬ್ಬರು ಪಕ್ಷೇತರರು

ಹಾಗಾದರೆ ಕಾನೂನು ಓದಿದರಷ್ಟೇ ರಾಜಕಾರಣವೆ? ಹಾಗೇನೂ ಇಲ್ಲ. 1962ರ ಅದೇ ಚುನಾವಣೆಯಲ್ಲಿ ಹಳೇ ಮೈಸೂರು ಭಾಗದಿಂದ ಇಬ್ಬರು ತರುಣರು ಪಕ್ಷೇತರರಾಗಿ ಗೆದ್ದು ಮೊದಲ ಸಲ ವಿಧಾನಸಭೆಗೆ ಬಂದರು. ಮದ್ದೂರಿನ ಎಸ್.ಎಂ. ಕೃಷ್ಣ ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಓದಿ, ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಕಾನೂನಿನ ಉನ್ನತ ವ್ಯಾಸಂಗ ಮಾಡಿ, ಬೆಂಗಳೂರಿನಲ್ಲಿ ಕಾನೂನು ಬೋಧಿಸುತ್ತಿದ್ದವರು. ಹೊಳೆನರಸೀಪುರದ ಎಚ್.ಡಿ. ದೇವೇಗೌಡರು ಹಾಸನದ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿ, ಗುತ್ತಿಗೆ ಕೆಲಸ ಮಾಡಿಕೊಂಡಿದ್ದ ರೈತನ ಮಗ. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. ಡಿಪ್ಲೊಮಾ ಓದಿದವರು 1996ರಲ್ಲಿ ಪ್ರಧಾನಿಯಾದರು. ಅಮೆರಿಕದಲ್ಲಿ ಓದಿದವರು 2009ರಲ್ಲಿ ವಿದೇಶಾಂಗ ಸಚಿವರಾದರು.

ಇಬ್ಬರ ಓದೂ ವ್ಯರ್ಥವಾಗಲಿಲ್ಲ. ಕಾಲುವೆ, ಅಣೆಕಟ್ಟುಗಳ ಲೆಕ್ಕ ಬಲ್ಲ ದೇವೇಗೌಡರು ಲೋಕೋಪಯೋಗಿ ಮತ್ತು ನೀರಾವರಿ ಸಚಿವರಾದಾಗ ಪಾಲಿಟೆಕ್ನಿಕ್‌ನ ಪಾಠ ಕೆಲಸಕ್ಕೆ ಬಂತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು ವಿಜ್ಞಾನ ಪದವೀಧರರು. ಓದು ಮುಗಿಸಿ ಊರಿಗೆ ಮರಳಿ ಬೇಸಾಯ ಮಾಡಿದವರು. 1974ರ ಭೂಸುಧಾರಣಾ ತಿದ್ದುಪಡಿಯನ್ನು ತಂದ ಸರ್ಕಾರದ ಮುಖ್ಯಸ್ಥನಿಗೆ ನೆಲದ ಪರಿಚಯ ಪುಸ್ತಕದಿಂದಷ್ಟೇ ಬಂದದ್ದಲ್ಲ.

ಕಾಲೇಜಿನ ಮೆಟ್ಟಿಲು ಹತ್ತದವರೂ ಇದ್ದಾರೆ. ನೆರೆಯ ಮದರಾಸು ರಾಜ್ಯವನ್ನು 1954ರಿಂದ 1963ರವರೆಗೆ ಆಳಿದ ಕೆ. ಕಾಮರಾಜರು ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು. ಶಾಲೆಗಳನ್ನು ಹೆಚ್ಚಿಸಿ, ಮಧ್ಯಾಹ್ನದ ಊಟ ಕೊಟ್ಟು ಬಡಮಕ್ಕಳನ್ನು ತರಗತಿಗೆ ತಂದವರೂ ಅವರೇ. ನಮ್ಮಲ್ಲಿ 'ನೀರ್ ಸಾಬ್' ಎಂದೇ ಹೆಸರಾದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ವ್ಯವಸ್ಥೆಯನ್ನು ಮುಂದೆ ನಿಂತು ಕಟ್ಟಿದರು. ಮೈಸೂರಿನಲ್ಲಿ ಗ್ರಾಮೀಣಾಭಿವೃದ್ಧಿಯ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಇಂದು ಇರುವುದು ಅವರ ಹೆಸರು.

ಇವರನ್ನು ತೋರಿಸಿ 'ಓದದಿದ್ದರೂ ನಡೆಯುತ್ತದೆ' ಎನ್ನುವವರುಂಟು. ಅವರು ಒಂದು ಮಾತು ಮರೆಯುತ್ತಾರೆ. ಕಾಮರಾಜರಂಥವರು ಶಾಲೆ ಬಿಟ್ಟರೇ ಹೊರತು ಕಲಿಕೆ ಬಿಡಲಿಲ್ಲ. ವರ್ಷಗಟ್ಟಲೆ ಸೆರೆಮನೆಯಲ್ಲಿ, ಪಕ್ಷದ ಕೆಲಸದಲ್ಲಿ, ಊರೂರು ಅಲೆದು ಅವರು ಕಲಿತರು. ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂಬ ಗಾದೆಯ ಮೊದಲ ಅರ್ಧವನ್ನು ಅವರು ಪೂರ್ತಿ ಮಾಡಿದ್ದರು. ಎರಡರಲ್ಲಿ ಒಂದನ್ನೂ ಮಾಡದವನಿಗೆ ಅವರ ಹೆಸರು ಹೇಳುವ ಹಕ್ಕಿಲ್ಲ.

ರಾಜಕಾರಣದ ಶಾಲೆಗಳು

ರಾಜಕಾರಣಕ್ಕೆಂದೇ ಶಾಲೆ ತೆರೆಯುವ ಯೋಚನೆ ನಮ್ಮ ಹಿರಿಯರಿಗೆ ಬಂದಿರಲಿಲ್ಲವೆ? ಬಂದಿತ್ತು. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟಿದ್ದು ಓದಿದ ತರುಣರನ್ನು ಸಾರ್ವಜನಿಕ ಕೆಲಸಕ್ಕೆ ಅಣಿಗೊಳಿಸಲು. ಲಾಲಾ ಲಜಪತರಾಯರು 1920ರಲ್ಲಿ ಲಾಹೋರಿನಲ್ಲಿ ತಿಲಕರ ಹೆಸರಿನ ರಾಜಕೀಯ ಶಾಲೆ ತೆರೆದರು. ಅಸಹಕಾರ ಚಳವಳಿಯ ಕಾಲದಲ್ಲಿ, 1921ರಲ್ಲಿ, ಕಾಶಿ ವಿದ್ಯಾಪೀಠ ಹುಟ್ಟಿತು. ಲಾಲ್ ಬಹದ್ದೂರರ ಹೆಸರಿನೊಡನೆ ಸೇರಿಕೊಂಡ 'ಶಾಸ್ತ್ರಿ' ಜಾತಿಸೂಚಕವಲ್ಲ, ಆ ವಿದ್ಯಾಪೀಠ ಕೊಟ್ಟ ಪದವಿ. ನಮ್ಮ ರಾಮಕೃಷ್ಣ ಹೆಗಡೆಯವರೂ ಅಲ್ಲಿ ಓದಿದವರು.

ಎಲ್ಲಕ್ಕಿಂತ ಮನಸ್ಸಿಗೆ ತಟ್ಟುವುದು ಡಾ. ಅಂಬೇಡ್ಕರರ ಪ್ರಯತ್ನ. ಕೊಲಂಬಿಯಾ, ಲಂಡನ್ನುಗಳಲ್ಲಿ ಅರ್ಥಶಾಸ್ತ್ರ, ಕಾನೂನುಗಳನ್ನು ಓದಿ ಬಂದ, ಸಂವಿಧಾನದ ಕರಡು ಸಿದ್ಧಪಡಿಸಿದ ಅವರು ಬದುಕಿನ ಕೊನೆಯ ವರ್ಷ, 1956ರ ಜುಲೈನಲ್ಲಿ, ಮುಂಬೈಯಲ್ಲಿ ರಾಜಕೀಯ ಪ್ರವೇಶಕ್ಕೆ ತರಬೇತಿ ಕೊಡುವ ಶಾಲೆಯೊಂದನ್ನು ಆರಂಭಿಸಿದರು. ಮೊದಲ ತಂಡದಲ್ಲಿ 15 ವಿದ್ಯಾರ್ಥಿಗಳಿದ್ದರು. ಆ ವರ್ಷದ ಡಿಸೆಂಬರ್ 6ರಂದು ಅವರು ತೀರಿಕೊಂಡರು. 1957ರ ಮಾರ್ಚ್ ಹೊತ್ತಿಗೆ ಶಾಲೆ ನಿಂತುಹೋಯಿತು. ಸಂವಿಧಾನ ವಿದ್ಯಾರ್ಹತೆ ಕೇಳದಿದ್ದರೂ ಶಾಸನಸಭೆಗೆ ಹೋಗುವವನು ಸಿದ್ಧನಾಗಿ ಹೋಗಬೇಕೆಂದು ಸಂವಿಧಾನ ಬರೆದವರೇ ಬಗೆದಿದ್ದರು ಎಂಬುದಕ್ಕೆ ಈ ಶಾಲೆಗಿಂತ ಬೇರೆ ಸಾಕ್ಷಿ ಬೇಡ.

ಏನು ಸಿದ್ಧತೆ? ಶಾಸಕನ ಕೆಲಸವನ್ನೇ ನೋಡೋಣ. ಮದುವೆ, ಗೃಹಪ್ರವೇಶ, ಶಂಕುಸ್ಥಾಪನೆಗಳಿಗೆ ಹೋಗುವುದು ನಮ್ಮ ಕಣ್ಣಿಗೆ ಬೀಳುವ ಕೆಲಸ. ಸದನದ ಒಳಗೆ ಅವನ ಕೈಗೆ ಬರುವುದು ಮಸೂದೆಗಳು. ಒಂದು ಕಲಮಿನಲ್ಲಿ 'ಮಾಡತಕ್ಕದ್ದು' ಎಂದಿದೆಯೋ 'ಮಾಡಬಹುದು' ಎಂದಿದೆಯೋ ಎಂಬುದರ ಮೇಲೆ ಸಾವಿರಾರು ಜನರ ಹಕ್ಕು ನಿಂತಿರುತ್ತದೆ. ವರ್ಷಕ್ಕೊಮ್ಮೆ ಬಜೆಟ್ ಬರುತ್ತದೆ. ಇಲಾಖೆವಾರು ಅನುದಾನದ ಬೇಡಿಕೆಗಳಿಗೆ ಸದನ ಒಪ್ಪಿಗೆ ಕೊಡಬೇಕು. ತನ್ನ ತಾಲ್ಲೂಕಿನ ಆಸ್ಪತ್ರೆಗೆ ಹಣ ಯಾವ ಲೆಕ್ಕಶೀರ್ಷಿಕೆಯಲ್ಲಿದೆ, ಹೋದ ವರ್ಷ ಇಟ್ಟದ್ದರಲ್ಲಿ ಎಷ್ಟು ಖರ್ಚಾಗಿದೆ ಎಂದು ಓದಲು ಬಾರದವನು ಕೈ ಎತ್ತುವುದಷ್ಟೇ ಮಾಡಬಲ್ಲ. ಸಿಎಜಿ ವರದಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಬಂದಾಗ ಅಧಿಕಾರಿಯನ್ನು ಕೂರಿಸಿ ಪ್ರಶ್ನೆ ಕೇಳಬೇಕು. ಓದದ ಶಾಸಕನನ್ನು ಕಡತ ಬಲ್ಲ ಅಧಿಕಾರಿ ನಡೆಸುತ್ತಾನೆ. ಆಗ ಮತ ಹಾಕಿದವನ ಮಾತು ವಿಧಾನಸೌಧದ ಮೆಟ್ಟಿಲಲ್ಲೇ ಉಳಿಯುತ್ತದೆ.

ಹುಡುಗ, ಹುಡುಗಿಗೆ ಹೇಳಬೇಕಾದದ್ದು

ಇಷ್ಟು ಹೇಳಿದ ಮೇಲೆ ಪಿಯುಸಿ ಮುಗಿಸಿದವರ ಪ್ರಶ್ನೆಗೆ ಬರಬಹುದು. ಯಾವ ವಿಷಯವಾದರೂ ಆಗಬಹುದು, ಆದರೆ ಆ ಓದು ಎರಡು ಕೆಲಸ ಮಾಡಬೇಕು: ಸ್ವಂತ ಅನ್ನಕ್ಕೆ ದಾರಿಯಾಗಬೇಕು, ಸರ್ಕಾರದ ಕಾಗದವನ್ನು ಓದುವ ಶಕ್ತಿ ಕೊಡಬೇಕು. ಕಾನೂನು ಎರಡನ್ನೂ ಕೊಡುತ್ತದೆ. ಪಿಯುಸಿ ನಂತರ ಐದು ವರ್ಷದ ದಾರಿಯಿದೆ, ಪದವಿಯ ನಂತರ ಮೂರು ವರ್ಷದ ದಾರಿಯಿದೆ. ಶಾಸಕರಾದ ಮೇಲೂ ವಕೀಲಿ ಮಾಡಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಪದವಿಗೆ ಅರ್ಥಶಾಸ್ತ್ರ, ವಾಣಿಜ್ಯ, ಇತಿಹಾಸ, ರಾಜ್ಯಶಾಸ್ತ್ರ ತೆಗೆದುಕೊಂಡು ಆಮೇಲೆ ಮೂರು ವರ್ಷದ ಕಾನೂನಿಗೆ ಹೋದರೆ ವಯಸ್ಸು ಇಪ್ಪತ್ನಾಲ್ಕಾಗುತ್ತದೆ. ಹೇಗೂ ಇಪ್ಪತ್ತೈದರವರೆಗೆ ವಿಧಾನಸಭೆಗೆ ನಿಲ್ಲುವಂತಿಲ್ಲ. ಕೃಷಿ, ಎಂಜಿನಿಯರಿಂಗ್, ವೈದ್ಯಕೀಯ ಓದಿದವರಿಗೂ ಬಾಗಿಲು ತೆರೆದೇ ಇದೆ, ಆದರೆ ಅವರು ಸಂವಿಧಾನವನ್ನೂ ಬಜೆಟ್ಟನ್ನೂ ತಾವಾಗಿಯೇ ಓದಿಕೊಳ್ಳಬೇಕು.

ಒಂದು ಎಚ್ಚರಿಕೆ. ಮೊದಲು ಸರ್ಕಾರಿ ನೌಕರಿ, ಜೊತೆಗೆ ರಾಜಕೀಯ ಎಂಬ ಲೆಕ್ಕ ನಡೆಯುವುದಿಲ್ಲ. ಸರ್ಕಾರಿ ನೌಕರ ಪಕ್ಷದಲ್ಲಿರುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ನಿಲ್ಲಬೇಕಾದರೆ ರಾಜೀನಾಮೆ ಕೊಡಬೇಕು.

ತರಗತಿಯ ಹೊರಗಿನ ಪಾಠ ಹಿಂದೆ ಕಾಲೇಜಿನ ವಿದ್ಯಾರ್ಥಿ ಸಂಘಗಳಲ್ಲಿ ಸಿಗುತ್ತಿತ್ತು. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ 1980ರ ದಶಕದ ಕೊನೆಗೆ ಹೊಡೆದಾಟಗಳ ಕಾರಣದಿಂದ ನಿಂತಿತು. 2006ರಲ್ಲಿ ಲಿಂಗ್ಡೊ ಸಮಿತಿ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ, ಹಾಜರಾತಿಗೆ ನೂರಕ್ಕೆ 75ರ ನಿಯಮ ಹಾಕಿ ಇಂಥ ಚುನಾವಣೆಗಳನ್ನು ಹದ್ದಿನಲ್ಲಿಡುವ ದಾರಿ ತೋರಿಸಿತು. ಹೊಡೆದಾಟ ನಿಂತದ್ದು ಒಳ್ಳೆಯದೇ. ಆದರೆ ಸಾಮಾನ್ಯರ ಮಕ್ಕಳು ಕೈಖರ್ಚಿಲ್ಲದೆ ಚುನಾವಣೆ ಕಲಿಯುತ್ತಿದ್ದ ಏಣಿಯ ಕೆಳಗಿನ ಮೆಟ್ಟಿಲೇ ಮುರಿಯಿತು. ಅಪ್ಪ ಶಾಸಕನಾಗಿದ್ದವನಿಗೆ ಆ ಮೆಟ್ಟಿಲು ಬೇಕಿಲ್ಲ. ಅವನಿಗೆ ಮನೆಯೇ ಶಾಲೆ.

ಉಳಿದಿರುವ ಮೆಟ್ಟಿಲು ಗ್ರಾಮ ಪಂಚಾಯಿತಿ. ಅಲ್ಲಿ 21 ವರ್ಷಕ್ಕೇ ನಿಲ್ಲಬಹುದು. ಪಕ್ಷದ ಚಿಹ್ನೆ ಇಲ್ಲದ್ದರಿಂದ ಟಿಕೆಟ್ಟಿಗಾಗಿ ಯಾರ ಮನೆ ಕಾಯಬೇಕಾಗಿಯೂ ಇಲ್ಲ. ಸ್ಥಾನಗಳಲ್ಲಿ ಅರ್ಧ ಹೆಂಗಸರಿಗೆ. ನೀರಿನ ಮೋಟಾರು, ಬೀದಿದೀಪ, ಉದ್ಯೋಗ ಖಾತರಿಯ ಹಾಜರಿ ಪಟ್ಟಿ, ಕಂದಾಯ ವಸೂಲಿ ಹೀಗೆ ಸರ್ಕಾರದ ಎಲ್ಲ ಕೆಲಸದ ಸಣ್ಣ ರೂಪ ಅಲ್ಲಿದೆ. ಸಹಕಾರ ಸಂಘಗಳೂ ಹಾಗೆಯೇ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಇಂದಿನ ಹಾಲಿನ ಡೇರಿಯವರೆಗೆ ನಮ್ಮ ಎಷ್ಟೋ ನಾಯಕರು ಲೆಕ್ಕ ಬರೆಯಲು, ಸಭೆ ನಡೆಸಲು ಕಲಿತದ್ದು ಇಂಥ ಕಡೆ. ಹೆಣ್ಣುಮಕ್ಕಳಿಗೆ ಇನ್ನೊಂದು ಕಾರಣವಿದೆ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಸ್ಥಾನ ಮಹಿಳೆಯರಿಗೆಂದು 2023ರ ಸಂವಿಧಾನ ತಿದ್ದುಪಡಿ ಹೇಳಿದೆ. ಜನಗಣತಿ, ಕ್ಷೇತ್ರ ಮರುವಿಂಗಡಣೆಗಳ ನಂತರ ಜಾರಿಯಾಗುವಂತೆ ಅದನ್ನು ಬರೆಯಲಾಗಿದೆ. ಆ ದಿನ ಬಂದಾಗ ನಾಯಕರ ಹೆಂಡತಿ, ಸೊಸೆಯರನ್ನಷ್ಟೇ ಹುಡುಕುವಂತಾಗಬಾರದು ಎಂದಾದರೆ ಪಂಚಾಯಿತಿಯಲ್ಲಿ ಪಳಗಿದ, ಕಾನೂನು ಓದಿದ ಹುಡುಗಿಯರು ಈಗಲೇ ಸಿದ್ಧರಾಗಬೇಕು.

ದುಡ್ಡಿನ ಮಾತು ಬಿಟ್ಟರೆ ಅಪ್ಪನಿಗೆ ಮೋಸ ಮಾಡಿದಂತಾದೀತು. ವಿಧಾನಸಭೆಗೆ ನಿಲ್ಲಲು ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಖರ್ಚಿನ ಮಿತಿಯನ್ನು 2022ರಲ್ಲಿ 40 ಲಕ್ಷಕ್ಕೆ ಏರಿಸಲಾಯಿತು. ಮಿತಿಯೇ ಇಷ್ಟಾದರೆ ನಿಜವಾದ ಖರ್ಚು ಎಷ್ಟಿರಬಹುದೆಂದು ಊರಿನ ಜನಕ್ಕೆ ಗೊತ್ತು. ಯಾವ ಪದವಿಯೂ ಈ ಕಷ್ಟವನ್ನು ಪರಿಹರಿಸುವುದಿಲ್ಲ. ಓದಿ ಸಿದ್ಧನಾದವನೂ ಟಿಕೆಟ್ಟಿಲ್ಲದೆ ಉಳಿಯಬಹುದು. ನಿಂತರೂ ಗೆಲ್ಲದಿರಬಹುದು.

ಆದ್ದರಿಂದಲೇ ಮಗನಾಗಲಿ ಮಗಳಾಗಲಿ ಈ ಪ್ರಶ್ನೆ ಕೇಳಿದರೆ ನಗಬೇಡಿ. ಅವರನ್ನು ತಿರುಗಿ ಒಂದು ಪ್ರಶ್ನೆ ಕೇಳಿ: ಸೋತ ಮರುದಿನ ಬೆಳಗ್ಗೆ ನೀನು ಎಲ್ಲಿಗೆ ಹೋಗುತ್ತೀ? ಕೋರ್ಟಿಗೋ, ತರಗತಿಗೋ, ತೋಟಕ್ಕೋ, ಅಂಗಡಿಗೋ ಎಂದು ಉತ್ತರ ಹೇಳುವಂತಾಗುವ ಓದನ್ನು ಅವರು ಮೊದಲು ಮುಗಿಸಲಿ. ಓದಿನ ಜೊತೆಗೇ ಊರಿನ ಗ್ರಾಮಸಭೆಗೆ ಹೋಗಿ ಕೂತು, ಪಂಚಾಯಿತಿಯ ಲೆಕ್ಕ ಕೇಳುವುದನ್ನು ಕಲಿಯಲಿ. ಗ್ರಾಮಸಭೆಗೆ ಹೋಗಲು ಯಾವ ಪ್ರವೇಶ ಪರೀಕ್ಷೆಯೂ ಇಲ್ಲ, ಶುಲ್ಕವೂ ಇಲ್ಲ. ಮುಂದಿನ ಸಭೆಯ ದಿನಾಂಕ ಪಂಚಾಯಿತಿ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ.